ತಲೆಕೆಳಗಾದ ಏಳು

ವಗ್ದಿ: "ಸುಮಾರಾಗಿದೆ" ಅನ್ನೋದು ಬೈಗುಳ ಅಲ್ಲ ಕಣೇ! ಗಣಿತದಲ್ಲಿ ಅದಕ್ಕೆ ದೊಡ್ಡ ಮರ್ಯಾದೆ ಇದೆ.

ಸುಹೇರ್: ಹೊಸ ಬಟ್ಟೆ ಹಾಕ್ಕೊಂಡು ಹೇಗಿದೀನಿ ಅಂತ ಕೇಳಿದ ಹೆಂಡ್ತಿಗೆ ಗಣಿತ ಹೇಳ್ತಾರಾ? ಆ ಗಣಿತದ ಜೊತೇನೇ ಹಬ್ಬ ಮಾಡ್ಕೊಳ್ಳಿ, ಹೋಗಿ.

ಈಜಿಪ್ಟಿನ ತಾಂತಾ ಊರಿನ ಲೆಕ್ಕದ ಮೇಷ್ಟ್ರು ವಗ್ದಿ ಅತ್ತೆಮನೆಯಲ್ಲಿ ಡಬ್ಬಿಯೊಂದನ್ನು ಹಿಡಿದು ನಿಂತಿದ್ದ. ಬೆಳಗಾದರೆ ಈದ್. ಮುನಿಸಿಕೊಂಡು ತವರು ಸೇರಿದ ಹೆಂಡತಿಯನ್ನು ಇವತ್ತು ಕರೆದೊಯ್ಯದಿದ್ದರೆ ಬೀದಿಗೆಲ್ಲ ಸುದ್ದಿ. ಬೀದಿ ಹಾಳಾಗಲಿ, ಅವಳಿಲ್ಲದ ಹಬ್ಬ ಅವನಿಗೇ ಬೇಡವಾಗಿತ್ತು. ಡಬ್ಬಿ ತೆರೆದ. ಒಳಗೆ ಹಬ್ಬದ ಕಾಕ್ ಬಿಸ್ಕತ್ತು, ಎರಡೇ ಎರಡು. ತಾನೇ ಹಿಟ್ಟು ನಾದಿ, ಚಿಮಟದಲ್ಲಿ ಹಿಸುಕಿ ಹಿಸುಕಿ ಅಂಕಿ ಮೂಡಿಸಿದ್ದ.

ವಗ್ದಿ: ಇವು ಸ್ನೇಹದ ಸಂಖ್ಯೆಗಳು ಕಣೇ. ಇಂಥವನ್ನ ತಿಂಡಿ ಮೇಲೆ ಬರೆದು ಗಂಡ ಒಂದು, ಹೆಂಡ್ತಿ ಒಂದು ತಿಂದ್ರೆ ಒಲವು ಗಟ್ಟಿ ಅಂತ ನಮ್ಮ ಹಿಂದಿನೋರು ನಂಬಿದ್ರು. ನಂದು ಹದಿನೇಳು ಸಾವಿರದ ಇನ್ನೂರ ತೊಂಬತ್ತಾರು. ನಿಂದು ಹದಿನೆಂಟು ಸಾವಿರದ ನಾನೂರ ಹದಿನಾರು.

ಸುಹೇರ್: ದಪ್ಪ ಆಗಿದೀನಿ ಅಂತ ನೇರವಾಗೇ ಹೇಳಿ.

ವಗ್ದಿ: ಅಯ್ಯೋ, ಪೂರ್ತಿ ಕೇಳು! ನನ್ನ ಸಂಖ್ಯೆಯನ್ನ ಶೇಷ ಇಲ್ಲದೆ ಭಾಗಿಸೋ ಸಂಖ್ಯೆಗಳನ್ನೆಲ್ಲ ಕೂಡಿಸಿದ್ರೆ ನೀನು ಬರ್ತೀಯ. ನಿನ್ನವನ್ನ ಕೂಡಿಸಿದ್ರೆ ನಾನು ಬರ್ತೀನಿ. ಒಂದೇ ಷರತ್ತು, ಕೂಡಿಸುವಾಗ ತನ್ನನ್ನ ತಾನು ಬಿಟ್ಟುಬಿಡಬೇಕು.

ಸುಹೇರ್: ನಿಮ್ಮನ್ನ ನೀವು ಬಿಟ್ಟು ಯಾವತ್ತು ಏನು ಕೂಡಿಸಿದೀರಿ? ಎಲ್ಲಿ, ನಿಮ್ಮದು ಕೊಡಿ ಇಲ್ಲಿ.

ಕೈಯಾದರೂ ಚಾಚಿದಳಲ್ಲ ಎಂದು ವಗ್ದಿಗೆ ಹೋದ ಜೀವ ಬಂತು. ಅವಳು ಬಿಸ್ಕತ್ತನ್ನು ಬೆಳಕಿಗೆ ಹಿಡಿದಳು.

ಸುಹೇರ್: ರೀ ಮೇಷ್ಟ್ರೇ, ಇದು ಏಳಲ್ಲ. ಎಂಟು.

ನಮ್ಮ ಅರಬ್ಬಿ ಅಂಕಿಗಳ ಹಣೆಬರಹವೇ ಅಷ್ಟು: ಎರಡಕ್ಕೂ ಒಂದೇ ಕವೆಯ ಆಕಾರ, ಬಾಯಿ ಮೇಲಿದ್ದರೆ ಏಳು, ಕೆಳಗಾದರೆ ಎಂಟು. ಹೆಂಡತಿಯ ಧ್ಯಾನದಲ್ಲಿ ಚಿಮಟ ತಿರುಗಿಬಿಟ್ಟಿತ್ತು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಲೆಕ್ಕ ಕಂಡರೆ ಈ ಮನುಷ್ಯನ ಬಾಯಿ ನಿಲ್ಲುವುದಿಲ್ಲ.

ವಗ್ದಿ: ಹದಿನೆಂಟು ಸಾವಿರದ ಇನ್ನೂರ ತೊಂಬತ್ತಾರಾ? ಹಾಗಾದ್ರೆ ಕೂಡಿಸಿದಾಗ ನೀನು ಬರಲ್ಲ... ಹದಿನಾರು ಸಾವಿರದ ಇಪ್ಪತ್ನಾಲ್ಕು ಬರುತ್ತೆ.

ಸುಹೇರ್: ಯಾರವಳು?

ವಗ್ದಿ: ಯಾರೂ ಅಲ್ಲ! ಅವಳು ನನ್ನ ಕಡೆ ತಿರುಗಿಯೂ ನೋಡಲ್ಲ ಕಣೇ. ಅವಳನ್ನ ಭಾಗಿಸೋ ಸಂಖ್ಯೆಗಳನ್ನ ಕೂಡಿಸಿದ್ರೆ ಹದಿನಾಲ್ಕು ಸಾವಿರದ ಮೂವತ್ತಾರು. ಅವಳ ಮನಸ್ಸೇ ಬೇರೆ ಕಡೆ ಇದೆ.

ಸುಹೇರ್: ಓಹೋ! ಅವಳು ಒಲ್ಲೆ ಅಂದ ಮೇಲೆ ನನ್ನ ನೆನಪಾಯ್ತಾ?

ಅವಳ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು. ವಗ್ದಿಗೆ ಅದು ಕಾಣಲಿಲ್ಲ.

ವಗ್ದಿ: ಮನೆಗೆ ಬಾರೇ. ನೀನಿಲ್ಲದೆ ನನಗೆ ಏಳು ಯಾವುದು, ಎಂಟು ಯಾವುದು ಅಂತಾನೂ ತಿಳೀತಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಫಿಕ್ರಿಯಾ ಹಿಟ್ಟಿನ ಕೈಯಲ್ಲೇ ಧಾವಿಸಿ ಬಂದರು. ಕಿವಿ ಮಂದ, ಬೇಕಾದ್ದಷ್ಟೇ ಕೇಳಿಸಿತ್ತು.

ಅತ್ತೆ: ಅಳಿಯಂದ್ರೇ, "ಅವಳು, ಅವಳು" ಅಂತಿದ್ರಲ್ಲ, ಎಷ್ಟು ಅಂದ್ರಿ?

ವಗ್ದಿ: ಹದಿನಾರು ಸಾವಿರದ ಇಪ್ಪತ್ನಾಲ್ಕು, ಅತ್ತೆ.

ಅತ್ತೆ: ಅಯ್ಯೋ ದೇವರೇ! ಏಳೇ ಸುಹೇರ್, ಬಟ್ಟೆ ಗಂಟು ಕಟ್ಟು! ಒಬ್ಬಳಾಗಿದ್ರೆ ನಾನೇ ಹೋಗಿ ಜುಟ್ಟು ಹಿಡೀತಿದ್ದೆ. ಇಷ್ಟು ಜನ ಬಂದು ಕೂತ್ರೆ ನಾಳೆ ಆ ಮನೇಲಿ ನಿನಗೆ ನಿಲ್ಲೋಕೂ ಜಾಗ ಸಿಗಲ್ಲ!