ಅತ್ತೆಯ ಬಾಯಲ್ಲಿ ಮಾವನ ಕೆಮ್ಮು

ಕಳೆದ ಜನವರಿಯ ಒಂದು ಬುಧವಾರ, ಕೋಟಗಿರಿ ಕಡೆಯ ಕಟ್ಟಬೆಟ್ಟಿನ ಪಕ್ಕದ ನಮ್ಮ ಹಟ್ಟಿಯಲ್ಲಿ, ನನ್ನ ಸೋದರತ್ತೆ ಒಂದು ಶವಸಂಸ್ಕಾರವನ್ನೇ ತಡೆದು ನಿಲ್ಲಿಸಿದಳು. ಹೆಣಕ್ಕೆ ಅವಸರವಿರಲಿಲ್ಲ, ಉಳಿದವರಿಗಿತ್ತು!

ನಮ್ಮಲ್ಲಿ ಸತ್ತವರನ್ನು ಕಳಿಸುವ ಮುನ್ನ ಹಿರಿಯನೊಬ್ಬ ಅವರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಸೇರಿದವರು 'ಪಾಪ' ಎಂದು ದನಿಗೂಡಿಸುತ್ತಾರೆ. ಯಾರು ಸತ್ತರೂ ಪಾಪಗಳು ಅವೇ, ಮಾಡಿರಲಿ ಬಿಡಲಿ. ಅಂದು ಹಿರಿಯ 'ಗಡಿಕಲ್ಲು ಸರಿಸಿದ' ಎಂದ. ಹೆಂಗಸರ ನಡುವಿನಿಂದ ಅತ್ತೆಯ ದನಿ ಬಂತು: "ಇವ ಸರಿಸಿಲ್ಲೆ. ಸರಿಸಿದ್ದು ನಿನ್ನಪ್ಪ!"

ಹಿರಿಯ ಪಾಪಗಳ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿದ. ಯಾರೋ ಅಭ್ಯಾಸಬಲದಿಂದ 'ಪಾಪ' ಎಂದುಬಿಟ್ಟರು.

ಎಂಬತ್ತು ದಾಟಿದ ಅತ್ತೆ ಏನನ್ನೂ ಮರೆಯುವುದಿಲ್ಲ. ಒಮ್ಮೆ ಬಸ್ ಸ್ಟಾಪಿನಲ್ಲಿ ಅಪರಿಚಿತ ಹುಡುಗಿಯೊಬ್ಬಳನ್ನು ದಿಟ್ಟಿಸಿ, ಎಂದೋ ಸತ್ತ ಅವಳ ಮುತ್ತಜ್ಜಿಯ ಹೆಸರು ಹಿಡಿದು ಕರೆದಳು. ಹುಡುಗಿ ತಿರುಗಿ ನೋಡಿದಳು. ಏಕೆ ತಿರುಗಿದೆನೆಂದು ಅವಳಿಗೇ ತಿಳಿಯಲಿಲ್ಲ!

ಅತ್ತೆಯ ಮನೆಯಲ್ಲೇ ಅವಳ ತಂಗಿ, ನನ್ನ ಚಿಕ್ಕತ್ತೆಯೂ ಇದ್ದಾಳೆ. ಅದೇ ಒಲೆಯ ಊಟ, ಅದೇ ಟೀ ತೋಟದ ಏರು. ಇವಳ ನೆನಪು ಮಾತ್ರ ಸೋರುತ್ತಿದೆ. ಕೋಟಗಿರಿಯ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು. "ರೋಗ ಏನೂ ಇಲ್ಲ ಅಜ್ಜಿ. ವಯಸ್ಸಾದರೆ ಒಬ್ಬೊಬ್ಬರ ನೆನಪು ಒಂದೊಂದು ಥರ. ಯಾಕೆಂದು ನಮಗೂ ಪೂರ್ತಿ ಗೊತ್ತಿಲ್ಲ."

"ಎನಗೆ ಗೊತ್ತು. ಇವಳ ಪಾಲನ್ನೂ ನಾನೇ ಹೊತ್ತಿದ್ದೇನೆ. ಸೊಂಟಕ್ಕೆ ಮಾತ್ರೆ ಕೊಡು!"

ಚಿಕ್ಕತ್ತೆ ತನ್ನ ಗಂಡ, ಅಂದರೆ ನನ್ನ ಮಾವ, ಸತ್ತದ್ದನ್ನೂ ಮರೆತಿದ್ದಾಳೆ. ಎಲ್ಲಿ ಎಂದು ಕೇಳಿದಾಗಲೆಲ್ಲ ಅತ್ತೆ ಅವನು ಸತ್ತ ದಿನವನ್ನು, ಹೆಣಕ್ಕೆ ಹೊದಿಸಿದ ಬಟ್ಟೆ ಸಮೇತ ಹೇಳಿಬಿಡುತ್ತಿದ್ದಳು. ಚಿಕ್ಕತ್ತೆ ಪ್ರತಿ ಸಲವೂ ಆಗಷ್ಟೇ ವಿಧವೆಯಾದವಳಂತೆ ಅಳುತ್ತಿದ್ದಳು.

"ಒಂದು ಸುಳ್ಳು ಹೇಳಬಾರದಾ ಅತ್ತೆ?"

"ಗೊತ್ತಿದ್ದೂ ಗೊತ್ತಿಲ್ಲೆ ಎನ್ನಲಾ? ಎನ್ನ ನಾಲಿಗೆ ಹೊರಳಲ್ಲೆ."

ಕಳೆದ ವಾರ ಸಂಜೆ ಮಂಜು ಅಂಗಳಕ್ಕೆ ಇಳಿದಿತ್ತು. ಚಿಕ್ಕತ್ತೆ ಕಿವಿಗೊಟ್ಟು, "ಅಕ್ಕಾ, ಎನ್ನ ಗಂಡ ಬಂದ. ಕೆಮ್ಮು ಕೇಳಿಲ್ಲೆಯಾ?" ಎಂದಳು.

"ಅದು ನಾಯಿ. ಅವನದು ಹೀಂಗೆ," ಎಂದು ಅತ್ತೆ ಕೆಮ್ಮಿ ತೋರಿಸಿದಳು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಎಳೆದ ಉಸಿರು. ಅದು ಮಾವನೇ! ಹೊರಗೆ ನಾಯಿ ಸುಮ್ಮನಾಯಿತು.

ಚಿಕ್ಕತ್ತೆಯ ಮುಖ ಅರಳಿತು. ಓಡಿಹೋಗಿ ಬಾಗಿಲು ತೆರೆದಳು. ಮಂಜು ಮಾತ್ರ ಒಳಗೆ ಬಂತು.

"ಅಕ್ಕಾ, ಎಲ್ಲಿ ಹೋದ?"

ಅತ್ತೆ ತಂಗಿಯ ಮುಖವನ್ನೇ ನೋಡಿದಳು.

"ಎನಗೆ ಗ್ಯಾನ ಇಲ್ಲೆ, ನೆನಪಿಲ್ಲೆ," ಎಂದಳು.

ನಿನ್ನೆ ಸಂಜೆಯೂ ಚಿಕ್ಕತ್ತೆ ಕೇಳಿದಳು. ಅತ್ತೆ ಅದೇ ಉತ್ತರ ಕೊಟ್ಟಳು. ಬಾಗಿಲು ತೆರೆದಿಟ್ಟು, ಇಬ್ಬರೂ ಕಾದು ಕೂತರು.