ಮಣ್ಣಿನ ಮಾಸ್ಟ್ರ ದನದ ಹಾಲು

ಮಿಜಾರಿನ ಒಂದು ಕಾಲೇಜಿನಲ್ಲಿ ಕೃಷಿ ವಿಜ್ಞಾನದ ಮಕ್ಕಳಿಗೆ ನಾನು ಪಶುಪಾಲನೆ ಕಲಿಸುತ್ತೇನೆ. ದನ ಎಷ್ಟು ತಿಂದಿತು, ಎಷ್ಟು ಹಾಲು ಕೊಟ್ಟಿತು, ಅದರಲ್ಲಿ ಫ್ಯಾಟ್ ಎಷ್ಟು, ಉಳಿದ ಘನಾಂಶ ಎಷ್ಟು, ಲೀಟರಿಗೆ ಯಾವ ದರ ಸಿಗಬೇಕು ಎಂಬ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಈ ಭಾಗದಲ್ಲಿಲ್ಲ ಎಂದು ಅತ್ಯಂತ ವಿನಯದಿಂದ ನಂಬಿದ್ದೆ. ಶಿರ್ತಾಡಿಯ ನಮ್ಮ ಹಟ್ಟಿಯಲ್ಲಿ ಗೌರಿ ಎಂಬ ದನವೂ ಇದೆ. ಶಾಸ್ತ್ರವೂ ನನ್ನದು, ದನವೂ ನನ್ನದು. ಇನ್ನೇನು ಬೇಕು!

ಹೀಗಿರುವಾಗ ದಿನಕರ ದನ ಕೊಂಡ.

ದಿನಕರ ನನ್ನ ನೆರೆಮನೆಯವನು, ಅದೇ ಕಾಲೇಜಿನ ಮೇಷ್ಟ್ರು. ಕಲಿಸುವುದು ಮಣ್ಣಿನ ವಿಷಯ. ಅಂಥವನ ಹಾಲಿಗೆ ಊರಿನ ಹಾಲಿನ ಸೊಸೈಟಿಯಲ್ಲಿ ನನ್ನದಕ್ಕಿಂತ ಹೆಚ್ಚು ದರ! ಒಂದು ದಿನ ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು, "ನಿಮ್ಮ ಹಾಲಿಗೆ ಯಾಕೆ ಫ್ಯಾಟ್ ಕಮ್ಮಿ ಬರ್ತದೆ ಸರ್? ದನಕ್ಕೆ ಹುಷಾರುಂಟಲ್ಲ?" ಎಂದು ಕೇಳಿದ. ಕುಹಕವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಪಾಪಿ, ನಿಜವಾದ ಕಾಳಜಿಯಿಂದ ಕೇಳಿದ್ದ!

"ಸೊಸೈಟಿಯ ಮೆಷಿನನ್ನು ನಂಬ್ಲಿಕ್ಕಾಗುದಿಲ್ಲ ಮಾರಾಯ. ನಾಳೆ ನನ್ನ ಕ್ಲಾಸಿಗೆ ನಿನ್ನ ಹಾಲು ತಾ, ನಾನೂ ತರ್ತೇನೆ. ಮಕ್ಕಳೇ ಅಳೆದು ದರ ಹಾಕ್ಲಿ" ಎಂದೆ.

"ಆಯ್ತು ಸರ್, ನೋಡುವ" ಎಂದ.

ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದು ಗಟ್ಟಿ. ಇದು ಮಣ್ಣಿನ ಮಾಸ್ಟ್ರಿಗೆ ಗೊತ್ತಿರಲಿಕ್ಕಿಲ್ಲ. ಮರುದಿನ ಬೆಳಿಗ್ಗೆ ಗೌರಿಯ ಕೊನೆಯ ಹಾಲನ್ನಷ್ಟೇ ಸ್ಟೀಲಿನ ಫ್ಲಾಸ್ಕಿಗೆ ಕರೆದು ಅಡುಗೆಮನೆಯಲ್ಲಿಟ್ಟೆ.

"ಇದು ಯಾರಿಗೆ?" ಹೆಂಡತಿ ಸುಮತಿ ಕೇಳಿದಳು.

ಪಕ್ಕದ ಮನೆಯ ದನದ ಮೇಲೆ ಹೊಟ್ಟೆಕಿಚ್ಚು ಎಂದು ಕಟ್ಟಿಕೊಂಡ ಹೆಂಡತಿಗೆ ಹೇಳುವುದು ಹೇಗೆ? "ಕಾಲೇಜಿನಲ್ಲಿ ಪೂಜೆ ಉಂಟು, ಅಭಿಷೇಕಕ್ಕೆ" ಎಂದು ಹೇಳಿ ಸ್ನಾನಕ್ಕೆ ಹೋದೆ.

ತರಗತಿಯಲ್ಲಿ ಎರಡೂ ಹಾಲನ್ನು ಗಾಜಿನ ಜಾಡಿಗಳಿಗೆ ಸುರಿದೆವು. ಮೊದಲು ದಿನಕರನ ಹಾಲಿಗೆ, ಹಾಲು ನೀರಾದಷ್ಟೂ ಕೆಳಗಿಳಿಯುವ ಲ್ಯಾಕ್ಟೋಮೀಟರನ್ನು ಮಕ್ಕಳು ಇಳಿಬಿಟ್ಟರು. ಅದು ಗಂಭೀರವಾಗಿ ತೇಲಿತು. ಆಮೇಲೆ ನನ್ನದಕ್ಕೆ.

ಮುಳುಗಿತು!

ಶ್ರಾವ್ಯ ಎಂಬ ಹುಡುಗಿ ಫ್ಯಾಟನ್ನೂ ಅಳೆದು, ನಾನೇ ಕಲಿಸಿದ ಸೂತ್ರ ಹಾಕಿ, ಬೋರ್ಡಿನ ತುಂಬ ಲೆಕ್ಕ ಮಾಡಿದಳು. ಕೊನೆಗೆ ಹಿಂಜರಿಯುತ್ತ, "ಸರ್, ಇದಕ್ಕೆ ದರವೇ ಬರುದಿಲ್ಲ. ಇದರಲ್ಲಿ ನೀರುಂಟು" ಎಂದಳು.

ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಶಭಾಷ್! ಕಲಬೆರಕೆ ಪತ್ತೆ ಹಚ್ಚುತ್ತೀರೋ ಎಂದು ಬೇಕೆಂತಲೇ ಬೆರೆಸಿ ತಂದಿದ್ದೆ."

ಚಪ್ಪಾಳೆ! ಎಲ್ಲರಿಗಿಂತ ಜೋರಾಗಿ ತಟ್ಟಿದವನು ದಿನಕರ.

ಸಂಜೆ ಮನೆಗೆ ಬಂದವನೇ ಸುಮತಿಯನ್ನು ಕೇಳಿದೆ: "ಫ್ಲಾಸ್ಕಿಗೆ ಎಂತ ಹಾಕಿದ್ದಿ?"

"ಐಸ್. ಈ ಸೆಕೆಗೆ ದೇವರ ಹಾಲು ಒಡೆದ್ರೆ? ಟ್ರೇಯಲ್ಲಿದ್ದದ್ದು ಎಲ್ಲ ಹಾಕಿದೆ. ಪೂಜೆ ಚೆಂದ ಆಯ್ತಾ?"

"ಮಂಗಳಾರತಿ ಒಳ್ಳೆದಾಯ್ತು" ಎಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಲೇಬೇಕಾಯಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಗು ಮಾತ್ರ ಹೊರಗೇ ಉಳಿಯಿತು.

ಅಷ್ಟರಲ್ಲಿ ಬೇಲಿಯಾಚೆಯಿಂದ ದಿನಕರ ಕರೆದ. "ಇವತ್ತಿನ ಪಾಠ ಭಾರೀ ಲಾಯ್ಕಾಯ್ತು ಸರ್! ಆದರೆ ನಿಮ್ಮ ದನಕ್ಕೆ ಅನ್ಯಾಯ ಆಯ್ತಲ್ಲ. ನಾಳೆ ನೀರು ಹಾಕದ್ದು ತನ್ನಿ, ಸರಿಯಾಗಿ ನೋಡುವ."

ಇಲ್ಲವೆನ್ನಲು ನನ್ನ ಬಳಿ ಕಾರಣವಿರಲಿಲ್ಲ. ಮರುದಿನ ಮತ್ತೆ ಕೊನೆಯ ಹಾಲನ್ನೇ ಕರೆದೆ. ಫ್ಲಾಸ್ಕನ್ನು ಮಗುವಿನಂತೆ ಎದೆಗವಚಿಕೊಂಡು ಕಾಲೇಜಿಗೆ ಹೋದೆ. ದಿನಕರ ಮಾತ್ರ ಮೊದಲ ತೆಳು ಹಾಲೂ ಸೇರಿದ ಬಾಲ್ದಿಯ ಹಾಲನ್ನು ಕಲಕಿ, ಒಂದು ಬಾಟ್ಲಿಯಲ್ಲಿ ತುಂಬಿಸಿ ತಂದಿದ್ದ.

ಶ್ರಾವ್ಯ ಅಳೆದಳು. ಬೋರ್ಡಿನಲ್ಲಿ ಲೆಕ್ಕ ಮಾಡಿದಳು. ಅನುಮಾನ ಬಂದು ಮತ್ತೊಮ್ಮೆ ಅಳೆದಳು. ಆಮೇಲೆ ಎರಡು ದರಗಳನ್ನೂ ಬರೆದಳು.

ಹೆಚ್ಚಿನ ದರ ದಿನಕರನದೇ. ದೂರು ಹೇಳಲು ಈ ಸಲ ಒಂದು ತುಂಡು ಐಸ್ ಕೂಡ ಇರಲಿಲ್ಲ!