ಫೇಲಾಗಲು ಬಾರದ ಮೇಷ್ಟ್ರು

ಆಗಸ್ಟ್ ಹದಿನಾಲ್ಕು, ಗುರುವಾರ. ಬೆಳಗಿನಿಂದ ಮೋಡ. ಮಧ್ಯಾಹ್ನ ಹತ್ತು ನಿಮಿಷ ತುಂತುರು, ಅಷ್ಟೆ.

ವಿಜಯನಗರದಲ್ಲಿ ಒಂದು ಮಹಡಿಯ ಮೇಲೆ ಆರು ಕಂಪ್ಯೂಟರುಗಳ ಆನ್‌ಲೈನ್ ಕಲಿಕಾ ಕೇಂದ್ರ ನೋಡಿಕೊಳ್ಳುವುದು ನನ್ನ ಕೆಲಸ. ಪಾಠವೆಲ್ಲ ಪರದೆಯ ಮೇಲೆ. ಮೇಷ್ಟ್ರಿಲ್ಲ, ಬೆಲ್ಲಿಲ್ಲ. ‘ನಿಮ್ಮದೇ ವೇಗದಲ್ಲಿ ಕಲಿಯಿರಿ’ ಎಂದು ಗೋಡೆಯ ಮೇಲೆ ಬರೆದಿದೆ. ಯಾರ ವೇಗ ಎಷ್ಟೆಂದು ತೋರಿಸುವ ಪ್ರಸಂಗ ವಾರಕ್ಕೊಂದಾದರೂ ಇಲ್ಲಿ ನಡೆಯುತ್ತದೆ.

೧. ಅವರವರ ವೇಗ

ನಮ್ಮ ಬ್ಯಾಂಕ್ ಪರೀಕ್ಷೆಯ ಕೋರ್ಸನ್ನು ಮಲ್ಲತ್ತಹಳ್ಳಿಯ ಒಬ್ಬ ಬಾಣಂತಿ ತೊಟ್ಟಿಲು ತೂಗುತ್ತಲೇ ಐದು ತಿಂಗಳಲ್ಲಿ ಮುಗಿಸಿದರು. ಮಗು ಅತ್ತ ಕೂಡಲೇ ಬಾಯಿ ಮುಚ್ಚುವ ಮೇಷ್ಟ್ರು ಬೇರೆಲ್ಲೂ ಸಿಗುವುದಿಲ್ಲ ಎಂದು ಅವರೇ ಹೇಳಿದರು.

ಆರ್‌ಪಿಸಿ ಲೇಔಟಿನ ಪದವೀಧರನೊಬ್ಬ ಅದೇ ಕೋರ್ಸಿನ ಮೊದಲ ಪಾಠದಲ್ಲಿ ಹದಿನಾಲ್ಕು ತಿಂಗಳಿದ್ದ. ತಿಂಗಳಿಗೊಮ್ಮೆ ಬಂದು, ಟೆಸ್ಟ್ ಬರೆದು, ಫೇಲಾಗಿ, ಟೀ ಕುಡಿದು ಹೋಗುತ್ತಿದ್ದ. ಫೇಲಾದವರಿಗೆ ಅದೇ ಪಾಠ ಮತ್ತೆ ಬರುತ್ತದೆ. ಯಾರೂ ಬೈಯುವುದಿಲ್ಲ.

“ಯಾಕಪ್ಪಾ ಮುಂದೆ ಹೋಗಲ್ಲ?” ಅಂದೆ.

“ಮೊದಲನೇ ಪಾಠ ಫೌಂಡೇಶನ್ ಅಲ್ವಾ ಸಾರ್. ಗಟ್ಟಿಯಾಗ್ಲಿ ಅಂತ ಬಿಟ್ಟಿದೀನಿ.”

ಪಕ್ಕದ ಕಂಪ್ಯೂಟರಿನವನು ತಿರುಗದೆಯೇ ಹೇಳಿದ: “ಮಗಾ, ಕ್ಯೂರಿಂಗ್‌ಗೆ ನೀರಾದ್ರೂ ಹೊಡಿ.”

೨. ಹಸಿರು ಚುಕ್ಕೆ

ಮಾರ್ಚಿನಲ್ಲಿ ಮೂಡಲಪಾಳ್ಯದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬಂದರು. ಅವರ ಒಬ್ಬಳೇ ಮಗಳು ಅದೇ ಕೋರ್ಸಿನಲ್ಲಿದ್ದಳು. ಫೆಬ್ರವರಿಯಲ್ಲಿ ಜ್ವರವೆಂದು ಆಸ್ಪತ್ರೆಗೆ ಸೇರಿಸಿದರು. ನಾಲ್ಕನೆಯ ದಿನ ಹೋದಳು.

“ಅವಳ ಖಾತೆ ಮುಚ್ಚಿಬಿಡಿ. ದಿನಾ ನನ್ನ ಫೋನಿಗೆ ಮೆಸೇಜ್ ಬರುತ್ತೆ.”

“ಏನಂತ ಸಾರ್?”

“‘ನಿಮ್ಮ ಮಗಳು ಮೂರು ವಾರದಿಂದ ಕಾಣಿಸಿಲ್ಲ, ದಯವಿಟ್ಟು ಹುರಿದುಂಬಿಸಿ’ ಅಂತ.”

ಮುಚ್ಚಬೇಕಾದರೆ ಖಾತೆಯನ್ನು ಒಮ್ಮೆ ತೆರೆಯಬೇಕು. ತೆರೆದೆ. ಅವಳ ಫೋಟೊ ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಅವಳ ಹೆಸರು ಹಿಡಿದು, ‘ಮತ್ತೆ ಬಂದಿರಲ್ಲ, ಸಂತೋಷ!’ ಎಂದಿತು ಪರದೆ.

ಮೇಷ್ಟ್ರು ನಿಂತಲ್ಲೇ ನಿಂತರು.

“ಇದು ಎಷ್ಟು ದಿನ ಹೀಗಿರುತ್ತೆ?”

“ಮೂವತ್ತು ದಿನಕ್ಕೊಂದು ಟೆಸ್ಟ್ ಬರೀತಾ ಇದ್ರೆ ಇರುತ್ತೆ. ಬರೀದಿದ್ರೆ ಮುಚ್ಚಿಹೋಗುತ್ತೆ. ಎಲ್ಲ ಪಾಠ ಪಾಸಾದ್ರೂ ಮುಚ್ಚುತ್ತೆ.”

“ಇನ್ನೆಷ್ಟು ಪಾಠ ಇದೆ?”

“ಆರು.”

ಕನ್ನಡಕ ಒರೆಸಿಕೊಂಡು ಕುರ್ಚಿ ಎಳೆದು ಕೂತರು. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಕೂರಬಾರದೆಂದು ನಿಯಮವಿದೆ. ನಾನು ಫ್ಯಾನ್ ಹಾಕಿದೆ.

೩. ನೂರಕ್ಕೆ ನೂರು

ಫೇಲಾಗುತ್ತಿದ್ದರೆ ಎಷ್ಟು ವರ್ಷ ಬೇಕಾದರೂ ಖಾತೆ ಉಳಿಯುತ್ತದೆ ಎಂದು ಉಪಾಯ ಹೇಳಿದವನು ನಾನೇ. ಮೇಷ್ಟ್ರು ತಲೆಯಾಡಿಸಿ ಟೆಸ್ಟ್ ಬರೆದರು. ನೂರಕ್ಕೆ ನೂರು.

“ಏನ್ಸಾರ್ ಇದು?”

“ಬಡ್ಡಿ ಲೆಕ್ಕ ಕಣ್ರೀ. ಅದನ್ನ ತಪ್ಪು ಮಾಡೋದು ಹೇಗೆ?”

ಏಪ್ರಿಲ್‌ನಲ್ಲೂ ನೂರು. ಮೂವತ್ತೈದು ವರ್ಷ ಮಕ್ಕಳ ತಪ್ಪಿಗೆ ಕೆಂಪು ಶಾಯಿ ಎಳೆದ ಕೈ ಅದು. ಮೇ ತಿಂಗಳಲ್ಲಿ ಆರ್‌ಪಿಸಿ ಲೇಔಟಿನವನನ್ನು ಪಕ್ಕದಲ್ಲಿ ಕೂರಿಸಿದೆ. ಫೇಲಾಗುವುದರಲ್ಲಿ ಅವನಷ್ಟು ಅನುಭವ ನಮ್ಮಲ್ಲಿ ಯಾರಿಗೂ ಇರಲಿಲ್ಲ.

“ಪ್ರಶ್ನೆ ಓದ್ಲೇಬೇಡಿ ಸಾರ್. ಎಲ್ಲಾದಕ್ಕೂ ‘ಸಿ’ ಒತ್ತಿ, ಟೀ ಕುಡಿಯೋಣ.”

ಮೇಷ್ಟ್ರು ಮೊದಲನೆಯದಕ್ಕೆ ‘ಸಿ’ ಒತ್ತಿದರು. ಎರಡನೆಯದಕ್ಕೂ ಒತ್ತಿದರು. ಮೂರನೆಯದಕ್ಕೆ ಬೆರಳು ನಿಂತಿತು. “ಇಲ್ಲಪ್ಪ, ಇದು ‘ಬಿ’.” ಹಿಂದಕ್ಕೆ ಹೋಗಿ ಮೊದಲೆರಡನ್ನೂ ತಿದ್ದಿದರು. ಆಮೇಲೆ, “ನಿನಗೆ ಶೇಕಡಾವಾರು ಬರಲ್ವೇನೋ? ಕೂತ್ಕೊ” ಎಂದು ಅವನಿಗೆ ಒಂದು ಗಂಟೆ ಹೇಳಿಕೊಟ್ಟರು. ಅವತ್ತು ಸಂಜೆ ಅವನು ಮೊದಲ ಪಾಠ ಪಾಸಾದ.

ಮೆಟ್ಟಿಲ ಹತ್ತಿರ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. “ಫೇಲಾಗೋದು ಕಲ್ಸಕ್ಕೆ ಹೋಗಿ ನಾನೇ ಪಾಸಾಗ್ಬಿಟ್ಟೆ ಸಾರ್.”

೪. ಕೊನೆಯ ಪಾಠ

ಜುಲೈ ಟೆಸ್ಟಾದ ಮೇಲೆ ಒಂದೇ ಪಾಠ ಉಳಿಯಿತು. ಇವತ್ತು ಮೂವತ್ತನೆಯ ದಿನ. ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಬಂದರು.

“ಇವಳು ಓದಿದ್ದು ಏಳನೇ ಕ್ಲಾಸು. ಇವತ್ತು ಇವಳೇ ಒತ್ತಲಿ. ನೀವು ಪ್ರಶ್ನೆ ಓದಿಹೇಳಿ. ನಾನು ಈ ಕಡೆ ನೋಡಲ್ಲ.” ಹೆಂಡತಿಗೆ, “ತೋಚಿದ್ದು ಒತ್ತು, ಅಷ್ಟೇ” ಎಂದು ಹೇಳಿ ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಪಾಠ ಬ್ಯಾಂಕಿನ ವ್ಯವಹಾರದ್ದು. ಚಾಲ್ತಿ ಖಾತೆ, ಠೇವಣಿ, ರೆಪೊ ದರ. ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಆ ತಾಯಿ ಪ್ರತಿ ಪ್ರಶ್ನೆಗೂ ಕ್ಷಣ ಕಣ್ಣು ಮುಚ್ಚಿ, ತೆರೆದು, ಒಂದರ ಮೇಲೆ ಬೆರಳಿಡುತ್ತಿದ್ದರು. ಐದಾರು ಉತ್ತರವಾಗುವಷ್ಟರಲ್ಲಿ ನನಗೆ ಗೊತ್ತಾಯಿತು. ತಡೆಯದೆ ಮುಂದಿನ ಪ್ರಶ್ನೆ ಓದಿದೆ.

ಇಪ್ಪತ್ತಕ್ಕೆ ಇಪ್ಪತ್ತು. ಪರದೆಯ ತುಂಬ ಬಣ್ಣದ ಕಾಗದ ಉದುರಿತು. ಮಗಳ ಹೆಸರಿಗೆ ಅಭಿನಂದನೆ.

ಮೇಷ್ಟ್ರು ತಿರುಗಿದರು. “ಏನೇ ಇದು? ತೋಚಿದ್ದು ಒತ್ತು ಅಂದಿರ್ಲಿಲ್ವಾ?”

“ತೋಚಿದ್ದೇ ಒತ್ತಿದ್ದು ಕಣ್ರೀ. ನಾನು ಹುರುಳಿಕಾಯಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಇದನ್ನೆಲ್ಲ ಜೋರಾಗಿ ಬಾಯಿಪಾಠ ಮಾಡ್ತಿದ್ಲಲ್ಲ. ಟೆಸ್ಟ್ ಬರೆಯೋದೊಂದೇ ಬಾಕಿ ಅಮ್ಮ ಅಂತಿದ್ಲು.”

ಪರದೆಯ ಮೇಲೆ ಕಾಗದ ಉದುರುವುದು ನಿಂತಿತು.

“ಹಾಗಾದ್ರೆ ಮುಚ್ಚುತ್ತಾ?” ಅಂದರು ಆಕೆ.

“ಅದೇ ಖಾತೆಗೆ ಫೀಸು ಕಟ್ಟಿ ಮತ್ತೆ ಸೇರಿದ್ರೆ ಮುಚ್ಚಲ್ಲಮ್ಮ. ಮೊದಲನೇ ಪಾಠದಿಂದ ಶುರುವಾಗುತ್ತೆ,” ಅಂದೆ. ಮೇಷ್ಟ್ರ ಕಡೆ ತಿರುಗಿ, “ಸಾರ್, ಅರವತ್ತು ದಾಟಿದವ್ರಿಗೆ ಅರ್ಧ ಫೀಸು. ನಿಮ್ಮ ವಯಸ್ಸು ತೋರಿಸ್ತೀನಿ. ಯಾರೂ ಕೇಳಲ್ಲ.”

ಅವರು ಕೌಂಟರಿಗೆ ಬಂದು ನೋಟು ಎಣಿಸಿದರು. ರಸೀದಿ ಮಡಿಸಿ ಜೇಬಿಗಿಟ್ಟುಕೊಂಡು ಹೆಂಡತಿಯ ಹತ್ತಿರ ಹೋದರು.

“ಅರ್ಧ ಅಂದ್ರಲ್ಲ, ಎಷ್ಟು ಕಟ್ಟಿದ್ರಿ?” ಹೆಂಡತಿ ಕೇಳಿದರು.

“ಪೂರ್ತಿ. ಅವಳಿಗಿನ್ನೂ ಇಪ್ಪತ್ಮೂರು ಕಣೇ.”